ಉಪ್ಪಿನ ಋಣ ಯಾರದು?

ಪರರ ಹಣವನ್ನು ನಂಬಿಗಸ್ತನಾಗಿ ಕಾಯ್ದವನು ಪರರ ರಾಜ್ಯವನ್ನೂ ಅಷ್ಟೇ ನಂಬಿಗಸ್ತನಾಗಿ ಕಾಯಬಲ್ಲನೆ? ಪ್ರಶ್ನೆ ಹೊಸದೇನಲ್ಲ. ನಾವಿರುವ ಉಪ್ಪಲ್‌ನಿಂದ ಊರು ದಾಟಿ ಮುಂಬಯಿ ಹೆದ್ದಾರಿ ಹಿಡಿದರೆ ಒಂದು ಹಗಲಿನೊಳಗೆ ಬಸವಕಲ್ಯಾಣವನ್ನು ಮುಟ್ಟಿಬಿಡುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಯ ಅರಸ ಬಿಜ್ಜಳನ ಭಂಡಾರಿಯಾಗಿದ್ದವರು ಬಸವಣ್ಣನವರು. ಅರಸನ ಹಣವನ್ನು ಜಂಗಮರಿಗೆ ವೆಚ್ಚ ಮಾಡುತ್ತಾರೆಂದು ದೂರು ಹೋಯಿತು, ತೆಗೆದು ಎಣಿಸಿ ನೋಡಿದರೆ ಒಂದು ಕಾಸೂ ಕಡಿಮೆಯಿರಲಿಲ್ಲ ಎಂಬುದು ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಹೇಳುತ್ತ ಬಂದ ಕಥೆ. ಪವಾಡದ ಭಾಗವನ್ನು ಬದಿಗಿಟ್ಟರೂ ಅದರಲ್ಲಿ ಉಳಿಯುವ ಮಾತೊಂದುಂಟು. ಲೆಕ್ಕ ಸರಿಯಾಗಿತ್ತು, ಆದರೂ ಕಲ್ಯಾಣ ಉಳಿಯಲಿಲ್ಲ. ಭಂಡಾರದ ಬೀಗ ಕಾಯುವ ಪ್ರಾಮಾಣಿಕತೆ ಒಂದು ಬಗೆಯದು, ಸಿಂಹಾಸನದ ಎದುರು ನಿಂತು ನುಡಿಯುವ ಧೈರ್ಯ ಇನ್ನೊಂದು ಬಗೆಯದು. ಬಸವಣ್ಣನವರಲ್ಲಿ ಎರಡೂ ಇದ್ದವು. ಎಲ್ಲ ಭಂಡಾರಿಗಳಲ್ಲಿಯೂ ಎರಡೂ ಇರುತ್ತವೆಯೆ ಎಂಬುದೇ ಇಂದು ನಾವು ವಾಚಕರ ಮುಂದಿಡಬಯಸುವ ಜಿಜ್ಞಾಸೆ.

ಈ ಜಿಜ್ಞಾಸೆಗೆ ಒಂದು ತಕ್ಷಣದ ಕಾರಣವೂ ಇದೆ. ಪರಊರಿನಲ್ಲಿರುವ ನಮಗೆ ಬೀದಿಯ ನಾಮಫಲಕಗಳೂ ಒಂದು ಬಗೆಯ ನೆಂಟರೇ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಮತ್ತು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎರಡೂ ಒಂದೇ ದಿನ ಹೆಸರು ಕಳೆದುಕೊಂಡವು. 2019ರಲ್ಲಿ ವಿಜಯಾ ಬ್ಯಾಂಕ್ ಹೋಯಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಲೀನವಾದವು. ಕಲಬುರ್ಗಿ, ಬೀದರ, ರಾಯಚೂರುಗಳಿಂದ ಬಂದ ಕುಟುಂಬಗಳಿಗೆ ಹೈದರಾಬಾದ್ ಬ್ಯಾಂಕಿನ ಹೆಸರು ನಿಜಾಮರ ಕಾಲದ ಹಾಲಿ ಸಿಕ್ಕಾವನ್ನು ನೆನಪಿಗೆ ತರುತ್ತಿತ್ತು. ಕರಾವಳಿಯಿಂದ ಬಂದು ಇಲ್ಲಿ ಹೋಟೆಲು ತೆರೆದ ಮನೆತನಗಳಿಗೆ ಸಿಂಡಿಕೇಟ್ ಎಂದರೆ ತವರಿನ ಹೆಸರೇ ಆಗಿತ್ತು. ಹೆಸರು ಹೋದಾಗ ಅದನ್ನು ಬೆಳೆಸಿದವರ ನೆನಪೂ ಹೋಗುವುದು ಲೋಕದ ರೂಢಿ. ಹೋಗುವ ಮೊದಲು ಅವರಲ್ಲೊಬ್ಬರ ಜೀವನವನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ಕೇಳಿಕೊಳ್ಳೋಣ. ಅವರು ತೋನ್ಸೆ ಅನಂತ ಪೈ, ಎಲ್ಲರ ಬಾಯಲ್ಲಿ ಟಿ. ಎ. ಪೈ.

ಮೊದಲು ಬ್ಯಾಂಕಿನ ಮಾತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ಅವರ ತಮ್ಮ ಡಾ. ಟಿ. ಎಂ. ಎ. ಪೈ, ಮತ್ತು ವಾಮನ ಕುಡ್ವ ಈ ಮೂವರು ಸೇರಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆಯನ್ನು ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಆರಂಭಿಸಿದರು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ ಅದು. ಅವರಿಗೆ ಆಸರೆಯಾಗುವುದು ಮೂಲ ಉದ್ದೇಶ. ಒಬ್ಬರು ವ್ಯಾಪಾರಿ, ಒಬ್ಬರು ವೈದ್ಯರು, ಒಬ್ಬರು ಎಂಜಿನಿಯರು. ಬ್ಯಾಂಕಿನ ವಿದ್ಯೆ ಕಲಿತವರು ಮೂವರಲ್ಲಿ ಒಬ್ಬರೂ ಇರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ.

1928ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿ ಎಂಬ ಯೋಜನೆಯನ್ನು ತಂದಿತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಪ್ರಶ್ನೆಯ ಬೇರು ಇಲ್ಲಿದೆ. ಅಲ್ಲಿಯ ತನಕ ಬ್ಯಾಂಕು ಎಂದರೆ ಹಣವಿದ್ದವನು ಮೆಟ್ಟಿಲು ಹತ್ತಿ ಹೋಗುವ ಜಾಗ. ಪಿಗ್ಮಿಯಲ್ಲಿ ಬ್ಯಾಂಕೇ ಮೆಟ್ಟಿಲಿಳಿದು ಬಂತು. ಬ್ಯಾಂಕಿನ ಪ್ರತಿನಿಧಿಯೊಬ್ಬ ದಿನವೂ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ರಸೀತಿ ಕೊಡುತ್ತಿದ್ದ. ಮೀನು ಮಾರುವವಳು, ಬೀಡಿ ಕಟ್ಟುವವಳು, ಹೋಟೆಲಿನ ಮಾಣಿ, ಬಟ್ಟೆ ಹೊಲಿಯುವವನು, ಇವರೆಲ್ಲ ಠೇವಣಿದಾರರಾದರು. ಇವರಲ್ಲಿ ಅನೇಕರಿಗೆ ರಸೀತಿಯಲ್ಲಿ ಏನು ಬರೆದಿದೆಯೆಂದು ಓದಲು ಬರುತ್ತಿರಲಿಲ್ಲ. ನಮ್ಮ ವಾಚಕರಲ್ಲಿ ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರುಗಳಲ್ಲಿ ಬೆಳೆದ ಹಿರಿಯರಿಗೆ ಹೆಗಲಿಗೆ ಚೀಲ, ಕೈಯಲ್ಲಿ ಪುಸ್ತಕ ಹಿಡಿದು ದೀಪ ಹಚ್ಚುವ ಹೊತ್ತಿಗೆ ಅಂಗಡಿ ಸಾಲಿನಲ್ಲಿ ಬರುತ್ತಿದ್ದ ಪಿಗ್ಮಿಯವರ ನೆನಪು ಖಂಡಿತ ಇರುತ್ತದೆ. ಕೆಲವು ಮನೆಗಳಲ್ಲಿ ಯಜಮಾನನಿಗೆ ಗೊತ್ತಿಲ್ಲದ ಹೆಂಡತಿಯ ಗಂಟು ಪಿಗ್ಮಿಯವರಿಗೆ ಮಾತ್ರ ಗೊತ್ತಿರುತ್ತಿತ್ತು. ಮಗಳ ಮದುವೆಯ ಹೊತ್ತಿಗೆ ಆ ಗಂಟು ಹೊರಗೆ ಬಂದು ಯಜಮಾನನನ್ನೇ ಬೆರಗುಗೊಳಿಸುತ್ತಿತ್ತು.

ಎರಡಾಣೆ ಕೊಡುವವಳು ಬ್ಯಾಂಕಿನ ಆಯವ್ಯಯ ಪತ್ರವನ್ನು ನೋಡುವುದಿಲ್ಲ. ನಾಳೆಯೂ ಈ ಮನುಷ್ಯ ಬರುತ್ತಾನೆ ಎಂಬುದೊಂದೇ ಅವಳಿಗಿರುವ ಆಧಾರ. ಹೀಗಿರುವಲ್ಲಿ ಬ್ಯಾಂಕಿನವನು ತನ್ನ ಮಾತಿಗೆ ತಪ್ಪಿದರೆ ಅವಳಿಗೆ ಕೋರ್ಟಿಲ್ಲ, ಕಚೇರಿಯಿಲ್ಲ. ಆದುದರಿಂದಲೇ ಬ್ಯಾಂಕಿನ ಧರ್ಮ ಉಳಿದ ವ್ಯಾಪಾರಗಳ ಧರ್ಮಕ್ಕಿಂತ ಕಠಿಣವೆಂದು ನಾವು ತಿಳಿಯುತ್ತೇವೆ. ಬಟ್ಟೆ ಅಂಗಡಿಯವನು ಮೋಸ ಮಾಡಿದರೆ ಒಂದು ಸೀರೆ ಹೋಗುತ್ತದೆ. ಬ್ಯಾಂಕಿನವನು ಮಾಡಿದರೆ ಇಪ್ಪತ್ತು ವರ್ಷದ ಊಟ ಬಿಟ್ಟು ಉಳಿಸಿದ್ದು ಹೋಗುತ್ತದೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ಹೈದರಾಬಾದಿನಲ್ಲಿಯೇ ಕೆಲವು ಸಹಕಾರಿ ಬ್ಯಾಂಕುಗಳು ಬಾಗಿಲೆಳೆದುಕೊಂಡಾಗ ಮುಚ್ಚಿದ ಶಟರಿನ ಮುಂದೆ ಪಾಸ್‌ಬುಕ್ ಹಿಡಿದು ನಿಂತವರನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಥ ಶಾಲೆಯಲ್ಲಿ ಬೆಳೆದವರು ಟಿ. ಎ. ಪೈ. ಉಪೇಂದ್ರ ಪೈಗಳ ಮಗ; ಹುಟ್ಟಿದ್ದು 1922ರ ಜನವರಿ 17. ಮುಂಬಯಿಯಲ್ಲಿ ವಾಣಿಜ್ಯ ಓದಿ 1940ರ ದಶಕದಲ್ಲಿ, ಇಪ್ಪತ್ತೆರಡರ ಆಸುಪಾಸಿನಲ್ಲಿಯೇ, ಬ್ಯಾಂಕಿನ ಹೊಣೆ ಹೊತ್ತರು. ಮನೆಯಲ್ಲಿ ಕೊಂಕಣಿ, ಗದ್ದೆ ಬಯಲಿನಲ್ಲಿ ತುಳು, ಶಾಲೆ ಸಭೆಗಳಲ್ಲಿ ಕನ್ನಡ, ಕಡತದಲ್ಲಿ ಇಂಗ್ಲಿಷು. ದಕ್ಷಿಣ ಕನ್ನಡದವರಿಗೆ ಇದೇನೂ ವಿಶೇಷವಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಮಾರುಕಟ್ಟೆಯಲ್ಲಿ ದಖನಿ ಆಡುವ ನಮಗೂ ವಿಶೇಷವಾಗಿ ಕಾಣದು. ಎಲ್ಲರ ಮಾತೂ ಬಲ್ಲವನು ಎಲ್ಲರ ಹಣವನ್ನೂ ತರಬಲ್ಲ ಎಂಬುದನ್ನು ಕರಾವಳಿಯ ಬ್ಯಾಂಕರುಗಳು ಬಹಳ ಬೇಗ ಅರಿತಿದ್ದರು. ಪೈಯವರ ಆಡಳಿತದಲ್ಲಿ ಬ್ಯಾಂಕು ಹಳ್ಳಿಗಳತ್ತ ನಡೆಯಿತು. ರೈತರಿಗೆ ಸಾಲ ಕೊಡುವುದು ನಷ್ಟದ ಬಾಬತ್ತು ಎಂದು ದೊಡ್ಡ ಪಟ್ಟಣಗಳ ಬ್ಯಾಂಕುಗಳು ದೂರ ಸರಿಯುತ್ತಿದ್ದ ಕಾಲದಲ್ಲಿ ಸಿಂಡಿಕೇಟ್ ಬ್ಯಾಂಕು ಪಂಪುಸೆಟ್ಟಿಗೆ, ಎಮ್ಮೆಗೆ ಸಾಲ ಕೊಟ್ಟಿತು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಹೆಂಗಸರೇ ನಡೆಸುವ ಶಾಖೆಯನ್ನು ತೆರೆಯಿತು.

ಇದನ್ನೆಲ್ಲ ದೆಹಲಿ ನೋಡುತ್ತಿತ್ತು. 1965ರ ಜನವರಿಯಲ್ಲಿ ಭಾರತ ಆಹಾರ ನಿಗಮ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾಗಿ ಪೈಯವರನ್ನು ಕರೆದರು. ಮುಂದಿನ ಎರಡು ವರ್ಷ ದೇಶದಲ್ಲಿ ಬರ. ಅಮೆರಿಕದ ಗೋದಿ ಹಡಗು ಬಂದರೆ ರೊಟ್ಟಿ ಎಂಬ ಸ್ಥಿತಿ. ಎರಡಾಣೆ ಕೂಡಿಸಿದವನಿಗೆ ಕಾಳು ಕೂಡಿಸುವ ಕೆಲಸ. 1969ರ ಜುಲೈ 19ರಂದು ಐವತ್ತು ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿಯಿದ್ದ ಹದಿನಾಲ್ಕು ಬ್ಯಾಂಕುಗಳನ್ನು ಸರಕಾರ ರಾಷ್ಟ್ರೀಕರಿಸಿತು. ಅದರಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. ತಂದೆ, ಚಿಕ್ಕಪ್ಪ ಕಟ್ಟಿದ ಬ್ಯಾಂಕು ಒಂದು ಸುಗ್ರೀವಾಜ್ಞೆಯಿಂದ ಸರಕಾರದ್ದಾಯಿತು. ಪೈಯವರು ಅದೇ ಕುರ್ಚಿಯಲ್ಲಿ ಕಸ್ಟೋಡಿಯನ್ ಆಗಿ ಕುಳಿತರು. ಮಾಲೀಕನಾಗಿದ್ದವನು ಕಾವಲುಗಾರನಾಗಿ ಮುಂದುವರಿಯುವುದು ಸುಲಭವಾಗಿರಲಾರದು. ಆದರೆ ಪಿಗ್ಮಿಯ ಶಾಲೆಯಲ್ಲಿ ಕಲಿತವನಿಗೆ ತಾನು ಎಂದೂ ಕಾವಲುಗಾರನೇ ಆಗಿದ್ದೆನೆಂದು ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಅನಂತರ ಜೀವವಿಮಾ ನಿಗಮದ ಅಧ್ಯಕ್ಷತೆ, 1972ರಲ್ಲಿ ಪದ್ಮಭೂಷಣ, ರಾಜ್ಯಸಭೆ, ಜುಲೈಯಲ್ಲಿ ಕೆಂಗಲ್ ಹನುಮಂತಯ್ಯನವರ ತರುವಾಯ ರೈಲ್ವೆ ಮಂತ್ರಿ ಪದವಿ. ಒಬ್ಬ ಕನ್ನಡಿಗರಿಂದ ಇನ್ನೊಬ್ಬ ಕನ್ನಡಿಗರ ಕೈಗೆ ರೈಲು ಹೋದದ್ದಕ್ಕೆ ನಾವೆಲ್ಲ ಹೆಮ್ಮೆಪಟ್ಟುಕೊಂಡೆವು. ಆದರೂ ಹೈದರಾಬಾದಿನಿಂದ ನಮ್ಮ ಊರುಗಳಿಗೆ ಹೋಗುವ ಗಾಡಿಗಳಲ್ಲಿ ಜಾಗ ಸಿಗುವುದು ಅಂದಿಗೂ ಕಷ್ಟ, ಇಂದಿಗೂ ಕಷ್ಟ. 1973ರಲ್ಲಿ ಭಾರಿ ಕೈಗಾರಿಕೆಗಳ ಖಾತೆ ಅವರಿಗೆ ಬಂತು. ನಮ್ಮವರು ಅನೇಕರು ದುಡಿದ ರಾಮಚಂದ್ರಪುರದ ಬಿ.ಎಚ್.ಇ.ಎಲ್. ಕಾರ್ಖಾನೆ ಆ ಇಲಾಖೆಯ ಅಧೀನದಲ್ಲಿತ್ತು.

ಇಲ್ಲಿ ಸ್ವಲ್ಪ ನಿಂತು ದೂರದ ಒಂದು ದೇಶವನ್ನು ನೋಡೋಣ. ಬ್ಯಾಂಕಿನಿಂದ ರಾಜ್ಯಾಧಿಕಾರಕ್ಕೆ ಹೋಗುವ ದಾರಿ ಇಟಲಿಯಲ್ಲಿ ಬಹಳ ಸವೆದ ದಾರಿ. ಎರಡನೆಯ ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಆ ದೇಶದಲ್ಲಿ 1945ರಲ್ಲಿ ಲುಯಿಜಿ ಎಯ್ನೌದಿ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಕೇಂದ್ರ ಬ್ಯಾಂಕಿನ ಗವರ್ನರಾದರು. 1947ರಲ್ಲಿ ಮಂತ್ರಿಯಾಗಿ ಸಾಲದ ಹಗ್ಗವನ್ನು ಬಿಗಿದು, ದಿನದಿನಕ್ಕೆ ಬೆಲೆ ಕಳೆದುಕೊಳ್ಳುತ್ತಿದ್ದ ಲಿರಾ ನಾಣ್ಯವನ್ನು ನಿಲ್ಲಿಸಿದರು. 1948ರಿಂದ 1955ರವರೆಗೆ ರಾಷ್ಟ್ರಾಧ್ಯಕ್ಷರಾಗಿದ್ದರು. ಅಧ್ಯಕ್ಷರ ಅರಮನೆಯ ಊಟದಲ್ಲಿ ದೊಡ್ಡ ಪೇರು ಹಣ್ಣೊಂದು ಎದುರಿಗೆ ಬಂದಾಗ, ಇಡೀ ಹಣ್ಣು ತನಗೆ ಹೆಚ್ಚಾಯಿತು, ಅರ್ಧ ಯಾರು ತೆಗೆದುಕೊಳ್ಳುತ್ತೀರಿ ಎಂದು ಅತಿಥಿಗಳನ್ನು ಕೇಳಿದರಂತೆ. ಆ ಪಂಕ್ತಿಯಲ್ಲಿದ್ದ ಫ್ಲಾಯಾನೊ ಎಂಬ ಲೇಖಕ ಇದನ್ನು ಬರೆದಿಟ್ಟಿದ್ದಾನೆ. ನಮ್ಮ ಉಡುಪಿ, ಮಣಿಪಾಲದ ಹಿರಿಯರಿಗೆ ಈ ಗುಣ ಚೆನ್ನಾಗಿ ಅರ್ಥವಾಗುತ್ತಿತ್ತು.

ಅದೇ ದೇಶದ ಇನ್ನೊಬ್ಬರು ಕಾರ್ಲೊ ಅಝೇಲಿಯೊ ಚಾಂಪಿ. ಸಾಹಿತ್ಯ ಓದಿದವರು; 1946ರಲ್ಲಿ ಕೇಂದ್ರ ಬ್ಯಾಂಕಿಗೆ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಏರಿ 1979ರಲ್ಲಿ ಗವರ್ನರಾದರು. 1993ರಲ್ಲಿ ಲಂಚದ ಹಗರಣಗಳಲ್ಲಿ ರಾಜಕೀಯ ಪಕ್ಷಗಳೆಲ್ಲ ಮುಳುಗಿಹೋಗಿ, ನಂಬುವುದಕ್ಕೆ ಯಾರೂ ಇಲ್ಲವೆಂದಾದಾಗ, ಸಂಸತ್ತಿನ ಸದಸ್ಯರೂ ಅಲ್ಲದ ಇವರನ್ನು ಪ್ರಧಾನಿಯ ಕುರ್ಚಿಗೆ ಕರೆತಂದರು. ಮುಂದೆ ಖಜಾನೆ ಮಂತ್ರಿಯಾಗಿ ಲಿರಾವನ್ನು ಯೂರೋಪಿನ ಸಮಾನ ನಾಣ್ಯಕ್ಕೆ ಸೇರಿಸಿದರು. 1999ರಿಂದ 2006ರವರೆಗೆ ರಾಷ್ಟ್ರಾಧ್ಯಕ್ಷರಾದರು. ಜೀವನ ಸಾರ್ಥಕವೆಂದೇ ಹೇಳಬೇಕು. ಆದರೆ ನಮ್ಮ ಗಮನ ಹೋಗುವುದು ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರ ಕಡೆಗೆ. ಪಾವೊಲೊ ಬಾಫಿ ಅವರ ಹೆಸರು. ಅವರ ಬ್ಯಾಂಕಿನ ಅಧಿಕಾರಿಗಳು ರಾಜಕೀಯದವರಿಗೆ ಬೇಕಾದ ಹಣಕಾಸು ಸಂಸ್ಥೆಗಳ ಲೆಕ್ಕವನ್ನು ತಪಾಸಣೆ ಮಾಡಿದರು. 1979ರ ಮಾರ್ಚಿಯಲ್ಲಿ ಬಾಫಿಯವರ ಮೇಲೆಯೇ ಮೊಕದ್ದಮೆ ಬಂತು. ತಪಾಸಣೆಯ ಹೊಣೆ ಹೊತ್ತಿದ್ದ ಅವರ ಸಹೋದ್ಯೋಗಿ ಸಾರ್ಚಿನೆಲ್ಲಿಯನ್ನು ಬಂಧಿಸಿದರು. ಬಾಫಿ ರಾಜೀನಾಮೆಯಿತ್ತು ಹೊರಟರು. 1981ರಲ್ಲಿ ಇಬ್ಬರೂ ನಿರ್ದೋಷಿಗಳೆಂದು ತೀರ್ಮಾನವಾಯಿತು. ಲೆಕ್ಕ ಕೇಳಿದವನೇ ಅಪರಾಧಿಯಾಗುವ ಈ ವಿಚಿತ್ರ ನ್ಯಾಯವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ, ಏಕೆಂದರೆ ನಾಲ್ಕು ವರ್ಷ ಮೊದಲು ನಮ್ಮ ದೆಹಲಿಯಲ್ಲಿ ಅದೇ ನಡೆದಿತ್ತು.

1975ರ ಏಪ್ರಿಲ್. ತುರ್ತು ಪರಿಸ್ಥಿತಿಗೆ ಇನ್ನೂ ಎರಡು ತಿಂಗಳಿತ್ತು. ಪ್ರಧಾನಿ ಇಂದಿರಾ ಗಾಂಧಿಯವರ ಕಿರಿಯ ಮಗನ ಮಾರುತಿ ಕಾರು ಕಂಪನಿಯ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂದಿತ್ತು. ಕಂಪನಿಗೆ ಕೊಟ್ಟ ಅನುಮತಿಯಲ್ಲಿ ವಿದೇಶೀ ಯಂತ್ರ ತರಿಸಕೂಡದೆಂಬ ಷರತ್ತಿತ್ತು. ಅದು ಪಾಲನೆಯಾಗಿದೆಯೆ ಎಂಬುದು ಪ್ರಶ್ನೆಯ ತಿರುಳು. ಮಂತ್ರಿ ಉತ್ತರ ಕೊಡಬೇಕಾದರೆ ಅಧಿಕಾರಿಗಳು ಮಾಹಿತಿ ಕೂಡಿಸಬೇಕು. ನಾಲ್ವರು ಅಧಿಕಾರಿಗಳು ಆ ಕೆಲಸಕ್ಕೆ ತೊಡಗಿದರು. ಇಬ್ಬರು ಪೈಯವರ ಕೈಗಾರಿಕಾ ಖಾತೆಗೆ ಸೇರಿದವರು, ಇಬ್ಬರು ವಾಣಿಜ್ಯ ಖಾತೆಯ ಅಧೀನ ಸಂಸ್ಥೆಗಳವರು. ಹಿರಿಯ ಹೆಸರುಗಳಲ್ಲ, ದಿನವೂ ಕಡತದ ಮೇಲೆ ಟಿಪ್ಪಣಿ ಬರೆಯುವ, ತಿಂಗಳ ಕೊನೆಗೆ ಸಂಬಳಕ್ಕೆ ಕಾಯುವ ಮಂದಿ. ಕೆಲವೇ ದಿನಗಳಲ್ಲಿ ಅವರ ಮೇಲೆ ಸಿ.ಬಿ.ಐ. ತನಿಖೆ ಬಿತ್ತು, ಮನೆ ಶೋಧ, ಮೊಕದ್ದಮೆ, ಅಮಾನತುಗಳ ಸರಮಾಲೆ ಆರಂಭವಾಯಿತು.

ಪೈಯವರು ಆಗ ಮಂತ್ರಿ. ಜೂನ್ 25ರಂದು ತುರ್ತು ಪರಿಸ್ಥಿತಿ ಬಂದಾಗಲೂ ಮಂತ್ರಿ. 1977ರ ಮಾರ್ಚಿನಲ್ಲಿ ಸರಕಾರ ಬೀಳುವ ತನಕ ಮಂತ್ರಿ. ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ಗುಡಿಸಿಹೋದ ಆ ಚುನಾವಣೆಯಲ್ಲಿ ಕರ್ನಾಟಕ ಇಪ್ಪತ್ತೆಂಟರಲ್ಲಿ ಇಪ್ಪತ್ತಾರು ಸ್ಥಾನಗಳನ್ನು ಅದಕ್ಕೆ ಕೊಟ್ಟಿತು. ಪೈಯವರು ಉಡುಪಿಯಿಂದ ಗೆದ್ದು ಲೋಕಸಭೆಗೆ ಹೋದರು. ಅನಂತರ ನ್ಯಾಯಮೂರ್ತಿ ಜೆ. ಸಿ. ಷಾ ಆಯೋಗದ ವಿಚಾರಣೆ ಬಂತು. ಅಲ್ಲಿ ಪೈಯವರು ಸಾಕ್ಷಿಯಾಗಿ ನಿಂತು ನಡೆದದ್ದನ್ನು ಹೇಳಿದರು: ಪ್ರಧಾನಿಯವರು ತಮ್ಮನ್ನು ಕರೆಸಿದರೆಂದೂ, ಆ ಅಧಿಕಾರಿಗಳ ಮೇಲೆ ಬಹಳ ಸಿಟ್ಟಾಗಿದ್ದರೆಂದೂ, ಸಿ.ಬಿ.ಐ. ಕ್ರಮಕ್ಕೆ ಸೂಚನೆ ಹೊರಟದ್ದು ಅಲ್ಲಿಂದಲೇ ಎಂದೂ. ಪ್ರಧಾನಿಯವರು ಅಧಿಕಾರವನ್ನು ದುರುಪಯೋಗಪಡಿಸಿಕೊಂಡರೆಂದು ಆಯೋಗ ತೀರ್ಮಾನಿಸಿತು.

ಈಗ ನಮ್ಮ ಪ್ರಶ್ನೆ ಎದ್ದು ನಿಲ್ಲುತ್ತದೆ. 1975ರ ಏಪ್ರಿಲಿನಲ್ಲಿ ಪೈಯವರು ಏನು ಮಾಡಬೇಕಾಗಿತ್ತು?

ಅವರ ಪರವಾಗಿ ಹೇಳಬಹುದಾದದ್ದನ್ನು ಮೊದಲು ಹೇಳಬೇಕು, ಅದು ಸಭ್ಯತೆ. ಪೈಯವರು ಆ ಶೋಧಗಳಿಗೆ ಆಜ್ಞೆ ಕೊಟ್ಟವರಲ್ಲ. ಅವರು ರಾಜೀನಾಮೆ ಕೊಟ್ಟಿದ್ದರೆ ಅಧಿಕಾರಿಗಳು ಉಳಿಯುತ್ತಿದ್ದರೆಂಬ ಭರವಸೆಯಿಲ್ಲ. ಆ ಕುರ್ಚಿಗೆ ಇನ್ನೂ ಬಾಗುವ ಬೆನ್ನಿನವರೊಬ್ಬರು ಬರುತ್ತಿದ್ದರು. ಒಳಗಿದ್ದುಕೊಂಡೇ ಒಳ್ಳೆಯ ಕೆಲಸ ಮಾಡಬಹುದು ಎಂಬ ವಾದ ಸುಳ್ಳೇನೂ ಅಲ್ಲ. 1975ರ ಅಕ್ಟೋಬರ್ 2ರಂದು ಮೊರಾದಾಬಾದಿನಲ್ಲಿ ದೇಶದ ಮೊದಲ ಗ್ರಾಮೀಣ ಬ್ಯಾಂಕು ಹುಟ್ಟಿತು. ಅದನ್ನು ಹುಟ್ಟಿಸಿದ್ದು ಸಿಂಡಿಕೇಟ್ ಬ್ಯಾಂಕು. ತುರ್ತು ಪರಿಸ್ಥಿತಿಯ ನಡುವೆಯೂ ಹಳ್ಳಿಯ ಸಾಲಗಾರನಿಗೆ ಬಾಗಿಲು ತೆರೆಯಿತು. ಇಷ್ಟಾಗಿ, ಎಷ್ಟೋ ಮಂದಿ ಮಾಜಿ ಮಂತ್ರಿಗಳು ಆಯೋಗದ ಮುಂದೆ ನೆನಪಿಲ್ಲ, ತಿಳಿಯದು, ಮೇಲಿನವರ ಆಜ್ಞೆ ಎಂದು ಜಾರಿಕೊಳ್ಳಬಹುದಾಗಿದ್ದ ಹೊತ್ತಿನಲ್ಲಿ ಇವರು ಕಂಡದ್ದನ್ನು ಕಂಡಂತೆ ಹೇಳಿದರು. ಅವರ ಪಕ್ಷದವರೇ ಅದಕ್ಕೆ ಅವರನ್ನು ಕೃತಘ್ನರೆಂದರು.

ಕೃತಘ್ನ ಎಂಬ ಮಾತನ್ನು ನಾವು ಸುಮ್ಮನೆ ಬಿಡಲಾಗದು. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬ ಗಾದೆ ನಮ್ಮ ಮಕ್ಕಳ ಬಾಯಲ್ಲಿಯೂ ಇದೆ. ಉಪ್ಪಲ್‌ನಲ್ಲಿ ಕುಳಿತು ಉಪ್ಪಿನ ಮಾತಾಡದಿದ್ದರೆ ಆದೀತೆ! ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರಿಗೆ ಈ ಗಾದೆ ಇನ್ನಷ್ಟು ಹತ್ತಿರ. ಕೆಲಸ ಕೊಡಿಸಿದವರು, ಮೊದಲ ತಿಂಗಳು ಕೋಣೆಯಲ್ಲಿ ಜಾಗ ಕೊಟ್ಟವರು, ಕಾಚಿಗೂಡದ ನೃಪತುಂಗ ಶಾಲೆಯನ್ನು ಕಟ್ಟಿ ನಮ್ಮ ಮಕ್ಕಳಿಗೆ ಕನ್ನಡ ಉಳಿಸಿದ ಹಿರಿಯರು, ಇವರ ಋಣ ನಮ್ಮ ಮೇಲಿದೆ. ಹಾಗಾದರೆ ಪೈಯವರಿಗೆ ಉಪ್ಪಿಟ್ಟವರು ಯಾರು? ದೆಹಲಿಗೆ ಕರೆದು ಮಂತ್ರಿ ಮಾಡಿದವರೆಂದು ಒಂದು ಉತ್ತರ. ಆದರೆ ದೆಹಲಿ ಅವರನ್ನು ಕರೆದದ್ದು ಏಕೆ? ಬ್ಯಾಂಕು ಬೆಳೆಸಿದ ಹೆಸರಿಗಾಗಿ. ಬ್ಯಾಂಕು ಬೆಳೆದದ್ದು ಯಾರಿಂದ? ಎರಡಾಣೆ ಕೊಟ್ಟ ಮೀನಿನವಳಿಂದ. ಲೆಕ್ಕವನ್ನು ಹೀಗೆ ಹಿಂದಕ್ಕೆ ಜಾಡು ಹಿಡಿದು ಹೋದರೆ ಉಪ್ಪು ಬಂದದ್ದು ಸಮುದ್ರದಿಂದಲೇ ಹೊರತು ಅರಮನೆಯಿಂದ ಅಲ್ಲ. ಪದವಿ ಕೊಟ್ಟವರಿಗೆ ಪದವಿಯನ್ನು ಹಿಂದಿರುಗಿಸಿದರೆ ಆ ಋಣ ತೀರುತ್ತದೆ. ನಂಬಿಕೆ ಕೊಟ್ಟವರಿಗೆ ನಂಬಿಕೆಯನ್ನು ಬಿಟ್ಟು ಬೇರೇನನ್ನು ಕೊಟ್ಟರೂ ತೀರುವುದಿಲ್ಲ.

ಆದಕಾರಣ ಸಾಕ್ಷಿ ಹೇಳಿದ್ದು ಕೃತಘ್ನತೆಯಲ್ಲವೆಂಬುದು ನಮ್ಮ ನಿಶ್ಚಿತವಾದ ಅಭಿಪ್ರಾಯ. ಕಷ್ಟವಾಗುವುದು ಇನ್ನೊಂದು ಅಂಶ: ಎರಡು ವರ್ಷದ ವಿಳಂಬ. ಬ್ಯಾಂಕಿನವನಿಗೆ ವಿಳಂಬದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸಾಲವನ್ನು ಎರಡು ವರ್ಷ ತಡೆದು ಕೊಟ್ಟರೆ ಅಸಲು ಮಾತ್ರ ಸಾಲದು, ಬಡ್ಡಿಯನ್ನೂ ಕೊಡಬೇಕು. ಸತ್ಯವನ್ನು ತಡೆದಾಗ ಬಡ್ಡಿ ಯಾರ ತಲೆಯ ಮೇಲೆ ಬೆಳೆಯುತ್ತದೆ? ಹೇಳಬೇಕಾದವನ ತಲೆಯ ಮೇಲಲ್ಲ. ಈ ಪ್ರಕರಣದಲ್ಲಿ ನಾಲ್ಕು ಸಂಸಾರಗಳು ಅದನ್ನು ತೆತ್ತವು. ಮನೆಗೆ ಪೊಲೀಸರು ಬಂದು ಬೀರು ತೆರೆಸಿದ ದಿನ ಆ ಮನೆಯ ಮಕ್ಕಳು ಶಾಲೆಗೆ ಹೇಗೆ ಹೋದರು, ನೆರೆಯವರು ಹೇಗೆ ನೋಡಿದರು ಎಂಬುದು ಯಾವ ಆಯೋಗದ ವರದಿಯಲ್ಲಿಯೂ ಸೇರುವುದಿಲ್ಲ. ಸಂಬಳವನ್ನೇ ನಂಬಿ ಪರಊರಿನಲ್ಲಿ ಬಾಡಿಗೆ ಮನೆ ಮಾಡಿದವರಿಗೆ ಮಾತ್ರ ಅದರ ಕಲ್ಪನೆ ಬರಬಹುದು.

ಹಾಗಾದರೆ ಹೊರಗೆ ಹೋಗುವುದೊಂದೇ ದಾರಿಯೆ? ಕರಾವಳಿಯ ಇನ್ನೊಬ್ಬ ಹಿರಿಯರು ಹೊರಗೆ ಹೋಗಿ ತೋರಿಸಿದ್ದರು. ಮಂಗಳೂರು ಮೂಲದ ಬೆನಗಲ್ ಮನೆತನದ ಬಿ. ರಾಮರಾವ್ 1949ರಿಂದ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದರು. ಅಷ್ಟು ದೀರ್ಘಕಾಲ ಆ ಕುರ್ಚಿಯಲ್ಲಿ ಇಂದಿನವರೆಗೆ ಮತ್ತೊಬ್ಬರು ಕುಳಿತಿಲ್ಲ. ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಿಸರ್ವ್ ಬ್ಯಾಂಕನ್ನು ತಮ್ಮ ಇಲಾಖೆಯ ಒಂದು ಭಾಗವೆಂಬಂತೆ ಕಂಡರು. ಹುಂಡಿಗಳ ಮೇಲಿನ ಸ್ಟಾಂಪು ಸುಂಕದ ವಿಷಯದಲ್ಲಿ ಜಗಳ ಮುಟ್ಟಬೇಕಾದಲ್ಲಿಗೆ ಮುಟ್ಟಿತು. ನೆಹರೂ ಮಂತ್ರಿಯ ಕಡೆ ನಿಂತರು. 1957ರ ಜನವರಿಯಲ್ಲಿ ರಾಮರಾಯರು ರಾಜೀನಾಮೆಯಿತ್ತು ನಡೆದುಬಿಟ್ಟರು. ಒಂದು ವರ್ಷ ಕಳೆದು ಸ್ವಲ್ಪ ಸಮಯದಲ್ಲಿಯೇ ಜೀವವಿಮಾ ನಿಗಮದ ಹಣವನ್ನು ಮೂಂಧ್ರಾ ಎಂಬ ವ್ಯಾಪಾರಿಯ ಷೇರುಗಳಲ್ಲಿ ತೊಡಗಿಸಿದ ಹಗರಣದಲ್ಲಿ ಮಂತ್ರಿಯೂ ಹೋಗಬೇಕಾಯಿತು. ಈ ಕಥೆ ನೀತಿಕಥೆಯಂತೆ ಅಂದವಾಗಿದೆ, ಆದರೆ ಅಂದವಾಗಿದೆಯೆಂದೇ ಅದನ್ನು ಪೈಯವರಿಗೆ ಅಳವಡಿಸುವುದು ನ್ಯಾಯವಲ್ಲ. 1957ರಲ್ಲಿ ರಾಜೀನಾಮೆ ಕೊಟ್ಟವರು ಮನೆಗೆ ಹೋಗಿ ನೆಮ್ಮದಿಯಾಗಿರಬಹುದಿತ್ತು. 1975ರಲ್ಲಿ ಹಾಗೆ ಹೋದವರ ಮನೆಯ ದಾರಿ ಎಲ್ಲಿಗೆ ಹೋಗುತ್ತಿತ್ತೋ. ಗವರ್ನರರ ಗೌರವಕ್ಕೆ ಧಕ್ಕೆ ಬಂದಿತ್ತು, ತಮ್ಮ ಗೌರವಕ್ಕಾಗಿ ಅವರು ಹೊರಟರು. ಪೈಯವರ ಮುಂದಿದ್ದದ್ದು ಕೆಳಗಿನವರ ಕೂಳಿನ ಪ್ರಶ್ನೆ. ಮಂತ್ರಿ ಹೊರಟುಹೋದರೆ ಅವನ ಕೈ ಶುದ್ಧವಾಗುತ್ತದೆ. ಕೆಳಗಿನವನು ಮಾತ್ರ ಅಲ್ಲಿಯೇ ಸಿಕ್ಕಿಬಿದ್ದಿರುತ್ತಾನೆ.

ಇವೆರಡರ ನಡುವೆ ಇನ್ನೊಂದು ದಾರಿ ಇತ್ತೆಂದು ನಮಗೆ ತೋರುತ್ತದೆ. ಆ ಅಧಿಕಾರಿಗಳು ಕೇಳಿದ್ದು ನನ್ನ ಪರವಾಗಿ, ಲೋಕಸಭೆಗೆ ಉತ್ತರ ಕೊಡಬೇಕಾದವನು ನಾನು, ಆದುದರಿಂದ ತನಿಖೆ ನನ್ನಿಂದ ಆರಂಭವಾಗಲಿ ಎಂದು ಕಡತದ ಮೇಲೆ ನಾಲ್ಕು ಸಾಲು ಬರೆದು ಸಹಿ ಹಾಕುವುದು. ಭಾಷಣವಲ್ಲ, ಬಂಡಾಯವಲ್ಲ, ರಾಜೀನಾಮೆಯೂ ಅಲ್ಲ. ಒಂದು ಜಾಮೀನು ಸಹಿ. ಬ್ಯಾಂಕಿನಲ್ಲಿ ಸಾಲಗಾರನಿಗೆ ಬೆನ್ನಿಗೊಬ್ಬ ಜಾಮೀನುದಾರ ಬೇಕೆಂದು ಜೀವಮಾನವೆಲ್ಲ ಕೇಳಿದವರಿಗೆ ಆ ಸಹಿಯ ತೂಕ ಎಲ್ಲರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಅಂಥ ಸಹಿ ಅವರನ್ನು ಉಳಿಸುತ್ತಿತ್ತೇ ಎಂದು ಕೇಳಿದರೆ, ಬಹುಶಃ ಇಲ್ಲ. ಮಂತ್ರಿಯೂ ಹೋಗುತ್ತಿದ್ದರು. ಆದರೆ ಮನೆ ಶೋಧಿಸಿಕೊಂಡ ಆ ನಾಲ್ವರು ತಾವು ಒಂಟಿಯೆಂದು ಎರಡು ವರ್ಷ ತಿಳ���ಯಬೇಕಾಗಿರಲಿಲ್ಲ. ಪಿಗ್ಮಿ ಪುಸ್ತಕದ ಮೇಲೆ ದಿನವೂ ಬೀಳುತ್ತಿದ್ದ ಆ ಚಿಕ್ಕ ಸಹಿಯ ಅರ್ಥವೂ ಇಷ್ಟೇ ಆಗಿತ್ತು: ನಿನ್ನ ಹಣ ನನ್ನ ಹತ್ತಿರ ಇದೆ, ನಾನು ಇಲ್ಲಿದ್ದೇನೆ.

ಭಂಡಾರಿಯ ಗುಣ ಮಂತ್ರಿಗೆ ಸಾಲದೆಂದು ಕೆಲವರು ಹೇಳುವುದುಂಟು. ನಮಗೆ ಅದು ಒಪ್ಪಿಗೆಯಿಲ್ಲ. ಗುಣ ಸಾಕಷ್ಟಿತ್ತು, ಯಾರಿಗೆ ಲೆಕ್ಕ ಒಪ್ಪಿಸಬೇಕೆಂಬುದು ದೆಹಲಿಯಲ್ಲಿ ಮಸುಕಾಗಿಬಿಡುತ್ತದೆ. ಬ್ಯಾಂಕಿನಲ್ಲಿ ಠೇವಣಿದಾರ ದಿನವೂ ಎದುರಿಗೆ ಬರುತ್ತಾನೆ, ಮುಖ ಕಾಣುತ್ತದೆ. ಮಂತ್ರಿಯ ಎದುರಿಗೆ ದಿನವೂ ಬರುವುದು ತನಗಿಂತ ಮೇಲಿನವರ ಮುಖ ಒಂದೇ. ಇಟಲಿಯ ಚಾಂಪಿಯನ್ನು ಪಕ್ಷಗಳೆಲ್ಲ ಮುಳುಗಿದಾಗ ಕರೆದರು. ಅವರ ಮೇಲೆ ಯಾರ ಉಪ್ಪಿನ ಹಂಗೂ ಇರಲಿಲ್ಲ. ಪೈಯವರನ್ನು ಪಕ್ಷ ತನ್ನ ತುತ್ತತುದಿಯಲ್ಲಿದ್ದಾಗ ಕರೆಯಿತು. ಹೋಲಿಸುವಾಗ ಇದನ್ನು ಮರೆಯಬಾರದು.

ಇಷ್ಟೆಲ್ಲ ನಮಗೇಕೆ ಎಂದು ಯಾರಾದರೂ ಕೇಳಬಹುದು. ಉಪ್ಪಲ್‌ನ ಸುತ್ತಮುತ್ತ ನೆಲೆಸಿದ ನಾವು ಮಂತ್ರಿಗಳಲ್ಲ, ಗವರ್ನರುಗಳಲ್ಲ. ಭೂಭೌತ ಸಂಶೋಧನಾ ಸಂಸ್ಥೆ, ಸರ್ವೆ ಇಲಾಖೆ, ಔದ್ಯೋಗಿಕ ಪ್ರದೇಶದ ಕಾರ್ಖಾನೆಗಳು, ಬ್ಯಾಂಕುಗಳು, ಶಾಲೆಗಳು, ಈಚೆಗೆ ಗಾಜಿನ ಕಟ್ಟಡಗಳ ಕಂಪನಿಗಳು, ಇವುಗಳಲ್ಲಿ ಟಿಪ್ಪಣಿ ಬರೆಯುವವರು, ಲೆಕ್ಕ ಒಪ್ಪಿಸುವವರು, ಸಹಿ ಮಾಡುವವರು. ಎಂದರೆ ಮೇಲಿನ ಕಥೆಯಲ್ಲಿ ನಮ್ಮ ಜಾಗ ಆ ನಾಲ್ವರ ಪಕ್ಕದಲ್ಲಿ. ಆದರೆ ಅಲ್ಲಿ ಮಾತ್ರವೇ ಅಲ್ಲ. ನಮ್ಮ ಕೈಕೆಳಗೂ ಒಬ್ಬ ಗುಮಾಸ್ತ, ಒಬ್ಬ ಗುತ್ತಿಗೆಯ ಹುಡುಗ, ಒಬ್ಬ ಹೊಸಬ ಎಂಜಿನಿಯರು ಇರುತ್ತಾನೆ. ನಮ್ಮ ಮಾತಿನ ಮೇಲೆ ಅವನು ಒಂದು ಲೆಕ್ಕ ಕೇಳಿದ, ಮೇಲಿನವರಿಗೆ ಸಿಟ್ಟು ಬಂತು, ಯಾರು ಕೇಳಲು ಹೇಳಿದ್ದು ಎಂಬ ಪ್ರಶ್ನೆ ಸಭೆಯಲ್ಲಿ ಎದ್ದಿತು. ಆ ಕ್ಷಣದಲ್ಲಿ ಮೇಜಿನ ಸುತ್ತ ಇಳಿಯುವ ಮೌನವನ್ನು ನೌಕರಿ ಮಾಡಿದವರೆಲ್ಲ ಬಲ್ಲರು. ಪರಊರಿನವರಾದ ನಮಗೆ ಆ ಮೌನಕ್ಕೆ ಒಂದು ಹೆಚ್ಚಿನ ನೆಪವೂ ಸಿದ್ಧವಾಗಿರುತ್ತದೆ: ಬದುಕಲು ಬಂದವರು ನಾವು, ನಮಗೇಕೆ ಊರ ಉಸಾಬರಿ. ಮಕ್ಕಳ ಫೀಸು, ಮನೆಯ ಕಂತು, ಊರಿನಲ್ಲಿರುವ ಅಪ್ಪ ಅಮ್ಮನ ಔಷಧಿ, ಎಲ್ಲವೂ ಆ ನೆಪಕ್ಕೆ ಬಲ ಕೊಡುತ್ತವೆ. ಅವು ಸುಳ್ಳು ನೆಪಗಳಲ್ಲ. ಪೈಯವರ ಕಾರಣಗಳೂ ಸುಳ್ಳಾಗಿರಲಿಲ್ಲ.

ನಮ್ಮ ಸಂಘಗಳ ಮಟ್ಟಿಗೂ ಇದು ದೂರದ ಮಾತಲ್ಲ. ಕನ್ನಡ ಸಂಘಗಳಲ್ಲಿ ಕೋಶಾಧಿಕಾರಿಯಾಗಿ ಹತ್ತು ವರ್ಷ ಪೈಸೆ ಪೈಸೆಗೆ ರಸೀತಿಯಿಟ್ಟವರನ್ನು ಆ ಕಾರಣಕ್ಕಾಗಿಯೇ ಅಧ್ಯಕ್ಷರನ್ನಾಗಿ ಮಾಡುವುದುಂಟು. ಒಳ್ಳೆಯದೇ. ಆದರೆ ಅಧ್ಯಕ್ಷರಾದ ಮೇಲೆ ವಾರ್ಷಿಕ ಸಭೆಯಲ್ಲಿ ಯುವಕನೊಬ್ಬ ಎದ್ದು ರಾಜ್ಯೋತ್ಸವದ ಪೆಂಡಾಲಿನ ಲೆಕ್ಕ ಕೇಳಿದಾಗ, ಹಿಂದಿನ ಸಾಲಿನಿಂದ ‘ಕೂತ್ಕೊಳಪ್ಪಾ’ ಎಂದು ಕೂಗು ಬಂದಾಗ, ವೇದಿಕೆಯ ಮೇಲಿನವರು ಏನು ಮಾಡುತ್ತಾರೆ ಎಂಬುದನ್ನು ಗಮನಿಸುತ್ತ ಬಂದಿದ್ದೇವೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಕೇಳಿದವನನ್ನು ನಿಂತಿರಲು ಬಿಟ್ಟರೇ ಎಂಬುದಷ್ಟೇ ಉಳಿಯುವ ಪ್ರಶ್ನೆ.

ಪೈಯವರ ಕಥೆಯ ಉಳಿದ ಭಾಗ ಚಿಕ್ಕದು, ಆದರೆ ಕನ್ನಡಿಗರಿಗೆ ಅದರಲ್ಲಿ ವಿಶೇಷವಾದ ಒಂದು ತಿರುವಿದೆ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಲೋಕಸಭೆಗೆ ಮರಳಿದ್ದು ನಮ್ಮ ಚಿಕ್ಕಮಗಳೂರಿನಿಂದ, ಹೈದರಾಬಾದ್ ಕರ್ನಾಟಕದ ವೀರೇಂದ್ರ ಪಾಟೀಲರನ್ನು ಸೋಲಿಸಿ. ಡಿಸೆಂಬರ್ 19ರಂದು ಲೋಕಸಭೆ ಅವರನ್ನು ಸದಸ್ಯತ್ವದಿಂದ ತೆಗೆದು ಅಧಿವೇಶನ ಮುಗಿಯುವ ತನಕ ಜೈಲಿಗೆ ಕಳುಹಿಸಿತು. ಅಪರಾಧ ಯಾವುದೆಂದರೆ, ಪ್ರಶ್ನೆಗೆ ಉತ್ತರ ಸಿದ್ಧಪಡಿಸುತ್ತಿದ್ದ ಆ ನಾಲ್ವರು ಅಧಿಕಾರಿಗಳನ್ನು ಪೀಡಿಸಿ ಸಭೆಯ ಹಕ್ಕಿಗೆ ಚ್ಯುತಿ ತಂದದ್ದು. ಹೊರಬಿದ್ದವರು ಚಿಕ್ಕಮಗಳೂರಿನ ಸದಸ್ಯೆ. ಆ ಪ್ರಕರಣದಲ್ಲಿ ಆಯೋಗದ ಮುಂದೆ ಸಾಕ್ಷಿ ನುಡಿದವರು ಘಟ್ಟದ ಕೆಳಗಿನ ಉಡುಪಿಯ ಸದಸ್ಯರು. ಪೈಯವರು ಮುಂದೆ ದೇವರಾಜ ಅರಸರ ಕಾಂಗ್ರೆಸ್ಸಿನ ಕಡೆ ನಡೆದರು. 1980ರ ಜನವರಿಯ ಚುನಾವಣೆಯಲ್ಲಿ ಉಡುಪಿ ಆಸ್ಕರ್ ಫರ್ನಾಂಡಿಸರ ಪಾಲಾಯಿತು, ದೆಹಲಿ ಮತ್ತೆ ಇಂದಿರಾ ಗಾಂಧಿಯವರ ಪಾಲಾಯಿತು.

1981ರ ಮೇ 7ರಂದು ಹೊಸ ಲೋಕಸಭೆ ಹಳೆಯ ನಿರ್ಣಯವನ್ನು ರದ್ದುಗೊಳಿಸಿತು. ಅದೇ ತಿಂಗಳ 29ರಂದು ಟಿ. ಎ. ಪೈ ತೀರಿಕೊಂಡರು, ಇನ್ನೂ ಅರವತ್ತು ತುಂಬಿರಲಿಲ್ಲ. ಷಾ ಆಯೋಗದ ವರದಿ ಬಹಳ ಕಾಲ ಕೈಗೆ ಸಿಗದಂತಾಗಿತ್ತು. 2010ರಲ್ಲಿ ತಮಿಳುನಾಡಿನ ಹಿರಿಯ ಸಂಸದೀಯರಾದ ಇರಾ ಚೆಳಿಯನ್ ತಮ್ಮಲ್ಲಿದ್ದ ಪ್ರತಿಯನ್ನು ತೆಗೆದು ಮತ್ತೆ ಅಚ್ಚು ಹಾಕಿಸಿದರು. ಆ ನಾಲ್ವರು ಅಧಿಕಾರಿಗಳ ಪ್ರಕರಣ ಅದರಲ್ಲಿದೆ, ಅವರ ಮಂತ್ರಿಯ ಸಾಕ್ಷ್ಯವೂ ಇದೆ.